ತಡೆಯುವುದರಿಂದ ಕಲಿಸುವುದರವರೆಗೆ: ಒಬ್ಬ ಸ್ಟಾಪರ್‌ನ ಹತ್ತು ಪಾಠಗಳು

ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ ನಾನು ಆಡಿದ್ದು ಹಿಂದಿನ ಸಾಲಿನಲ್ಲಿ. ಕಾರ್ಖಾನೆ ತಂಡವೊಂದಕ್ಕೆ ಸ್ಟಾಪರ್ ಆಗಿದ್ದೆ. ಬೆಳಿಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ಪಂದ್ಯವಿದ್ದ ದಿನ ಅಶೋಕನಗರದ ಸ್ಟೇಡಿಯಂ. ಆಟ ನಿಂತ ಮೇಲೆ ಕೋಚ್ ಆದೆ. ಈಗ ಮಕ್ಕಳಿಗೂ ಕಲಿಸುತ್ತೇನೆ, ಡಿವಿಷನ್ ತಂಡವೊಂದನ್ನೂ ನೋಡಿಕೊಳ್ಳುತ್ತೇನೆ.

ಈ ಊರಿಗೆ ಫುಟ್‌ಬಾಲ್ ಹೊಸದಲ್ಲ. ಬ್ರಿಟಿಷ್ ಪಲ್ಟನ್ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದು ತಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಊರಿನವರು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು. ಇಷ್ಟು ದೊಡ್ಡ ಪರಂಪರೆಯಲ್ಲಿ ಡಿಫೆನ್ಸ್ ಆಡುವುದು ಹೇಗೆ, ಅದನ್ನು ಕಲಿಸುವುದು ಹೇಗೆ ಎಂಬುದು ಮಾತ್ರ ಬಾಯಿಂದ ಬಾಯಿಗೆ ಬಂದದ್ದೇ ಹೆಚ್ಚು, ಬರೆದಿಟ್ಟದ್ದು ಕಡಿಮೆ. ಅದಕ್ಕೇ ಈ ಟಿಪ್ಪಣಿ.

ನನ್ನ ನಂಬಿಕೆ ಇಷ್ಟು. ಹಿಂದೆ ನಿಂತು ಆಡಿದವನಿಗೆ ಕೋಚ್ ಕೆಲಸದ ಮುಕ್ಕಾಲು ಪಾಲು ಆಗಲೇ ಗೊತ್ತಿರುತ್ತದೆ: ಇಡೀ ಮೈದಾನ ನೋಡುವುದು, ಅಪಾಯವನ್ನು ಮುಂಚೆಯೇ ಗ್ರಹಿಸುವುದು, ಪಕ್ಕದವನನ್ನು ಸರಿಯಾದ ಜಾಗಕ್ಕೆ ತರುವುದು. ಉಳಿದ ಕಾಲು ಪಾಲು ಮಾತ್ರ ಅವನ ಸ್ವಭಾವಕ್ಕೇ ಎದುರು. ಆಡುವಷ್ಟು ಕಾಲ ಅವನು ಎಲ್ಲವನ್ನೂ ತಡೆಯುತ್ತಾನೆ. ಕಲಿಸಲು ನಿಂತಾಗ ಅನೇಕ ಸಂಗತಿಗಳನ್ನು ಆಗಲು ಬಿಡಬೇಕು. ಈ ಎರಡರ ನಡುವೆ ದಾರಿ ಹುಡುಕುತ್ತಾ ಕಲಿತ ಪಾಠಗಳು ಇವು.

1. ಚೆಂಡು ಬರುವ ಮುಂಚೆ ಜಾಗ ನೋಡಿ

ಹೊಸ ಡಿಫೆಂಡರ್‌ನ ಕಣ್ಣು ಚೆಂಡಿಗೆ ಅಂಟಿಕೊಂಡಿರುತ್ತದೆ. ಚೆಂಡು ಎಡಗಡೆ ಇದ್ದರೆ ಅವನ ಮುಖ, ಎದೆ, ಎರಡೂ ಪಾದ ಎಡಕ್ಕೇ ತಿರುಗಿರುತ್ತವೆ. ಬೆನ್ನ ಹಿಂದೆ ಎದುರಾಳಿಯ ಫಾರ್ವರ್ಡ್ ಎರಡು ಹೆಜ್ಜೆ ಸರಿದರೂ ತಿಳಿಯುವುದಿಲ್ಲ. ಗೋಲು ಬೀಳುವುದು ಆ ಎರಡು ಹೆಜ್ಜೆಯಲ್ಲಿ.

ನಾನು ಮೊದಲು ಕಲಿಸುವುದು ನಿಲ್ಲುವ ಭಂಗಿ. ಪೂರ್ತಿ ಎದುರಾಗಿ ನಿಲ್ಲದೆ ಓರೆಯಾಗಿ ನಿಲ್ಲಬೇಕು, ಮಂಡಿ ಸ್ವಲ್ಪ ಬಾಗಿರಬೇಕು, ಭಾರ ಪಾದದ ಮುಂಭಾಗದ ಮೇಲಿರಬೇಕು. ಒಂದು ತಿರುವಿನಲ್ಲಿ ಚೆಂಡು, ಇನ್ನೊಂದು ತಿರುವಿನಲ್ಲಿ ಮನುಷ್ಯ, ಎರಡೂ ಕಾಣಬೇಕು. ಚೆಂಡು ದೂರ ಇದ್ದಾಗ ಕತ್ತು ತಿರುಗಿಸಿ ಹಿಂದೆ ನೋಡುವುದು ಉಸಿರಾಟದಂತೆ ಅಭ್ಯಾಸವಾಗಬೇಕು. ಮಕ್ಕಳ ಅಭ್ಯಾಸದಲ್ಲಿ ನಾನು ಹಿಂದೆ ನಿಂತು ಬೆರಳು ತೋರಿಸುತ್ತೇನೆ. ಪಾಸ್ ಬರುವ ಮೊದಲು ಎಷ್ಟು ಬೆರಳು ಎಂದು ಅವರು ಕೂಗಿ ಹೇಳಬೇಕು. ಆಟದಂತೆ ಶುರುವಾದದ್ದು ಕೆಲವೇ ವಾರಗಳಲ್ಲಿ ರೂಢಿಯಾಗುತ್ತದೆ.

ಎರಡನೆಯದು ದಾರಿ ತೋರಿಸುವುದು. ದೊಡ್ಡ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಗೋಲು ಕೇವಲ 7.32 ಮೀಟರ್ ಅಗಲ, ಅದೂ ನಟ್ಟನಡುವೆ. ಎದುರಾಳಿಯನ್ನು ಗೆರೆಯ ಕಡೆ ಸರಿಸಿದಷ್ಟೂ ಅವನಿಗೆ ಗೋಲು ಕಿರಿದಾಗುತ್ತಾ ಹೋಗುತ್ತದೆ. ಆದ್ದರಿಂದ ಡಿಫೆಂಡರ್ ಚೆಂಡು ಕಿತ್ತುಕೊಳ್ಳಲೇಬೇಕು ಎಂದೇನಿಲ್ಲ. ಎದುರಾಳಿಯ ವೇಗ ತಗ್ಗಿಸಿ, ಅವನನ್ನು ಹೊರಗಿನ ದಾರಿಗೆ ಹಚ್ಚಿ, ನಮ್ಮವರು ಹಿಂದಿರುಗುವಷ್ಟು ಹೊತ್ತು ಸಂಪಾದಿಸಿದರೆ ಅವನ ಕೆಲಸ ಮುಗಿಯಿತು.

2. ಬಾಯಿ ಕೂಡ ಆಡಬೇಕು

ಗೋಲ್‌ಕೀಪರ್ ಮತ್ತು ಸ್ಟಾಪರ್‌ಗೆ ಮಾತ್ರ ಇಡೀ ಆಟ ಎದುರಿಗೆ ಕಾಣುತ್ತದೆ. ಮಿಡ್‌ಫೀಲ್ಡರ್‌ನ ಬೆನ್ನ ಹಿಂದೆ ಯಾರಿದ್ದಾರೆ ಎಂದು ಅವನಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಅದನ್ನು ಹೇಳದೆ ಸುಮ್ಮನಿದ್ದರೆ ನೋಡಿಯೂ ಪ್ರಯೋಜನವಿಲ್ಲ.

ಮೈದಾನದ ಮಾತಿಗೆ ಮೂರು ಗುಣ ಬೇಕು. ಮೊದಲು ಹೆಸರು ಬರಬೇಕು, ಇಲ್ಲದಿದ್ದರೆ ಯಾರಿಗೆ ಹೇಳಿದ್ದೆಂದು ನಾಲ್ವರೂ ತಿರುಗಿ ನೋಡುತ್ತಾರೆ. ನಂತರ ಒಂದೇ ಪದ: ‘ಟರ್ನ್’, ‘ಮ್ಯಾನ್ ಆನ್’, ‘ಬಿಡು’, ‘ಒತ್ತು’, ‘ಲೆಫ್ಟ್’. ಮೂರನೆಯದು ಹೊತ್ತು. ಚೆಂಡು ಇನ್ನೂ ದಾರಿಯಲ್ಲಿರುವಾಗ ಹೇಳಿದ್ದು ಸಹಾಯ. ಚೆಂಡು ಕಳೆದುಕೊಂಡ ಮೇಲೆ ಹೇಳಿದ್ದು ಬೈಗುಳ.

ಬೆಂಗಳೂರಿನ ಒಂದೇ ತಂಡದಲ್ಲಿ ಕನ್ನಡ, ತಮಿಳು, ಉರ್ದು, ಮಲಯಾಳ ಆಡುವ ಹುಡುಗರಿರುತ್ತಾರೆ, ಈಶಾನ್ಯ ರಾಜ್ಯಗಳಿಂದ ಬಂದವರೂ ಇರುತ್ತಾರೆ. ಹಾಗಾಗಿ ಸೀಸನ್ ಶುರುವಾಗುವ ಮೊದಲೇ ನಮ್ಮ ಕರೆಗಳು ಇವು ಎಂದು ಕೂತು ತೀರ್ಮಾನಿಸುತ್ತೇವೆ. ಯಾವ ಭಾಷೆಯ ಪದ ಎಂಬುದು ಮುಖ್ಯವಲ್ಲ. ಎಲ್ಲರಿಗೂ ಅದೇ ಅರ್ಥ ಬರಬೇಕು, ದಣಿದಾಗಲೂ ಬಾಯಿಗೆ ಬರಬೇಕು. ಸಂಕೋಚದ ಹುಡುಗನಿಗೆ ‘ಜೋರಾಗಿ ಮಾತಾಡು’ ಎಂದರೆ ಅವನು ಇನ್ನಷ್ಟು ಕುಗ್ಗುತ್ತಾನೆ. ಅವನಿಗೆ ಒಂದೇ ಕರೆಯ ಜವಾಬ್ದಾರಿ ಕೊಡಿ: ‘ಲೈನ್ ಮೇಲೆ ತರುವ ಕರೆ ಇವತ್ತು ನಿನ್ನದು’. ಅಷ್ಟು ಸಾಕು, ಉಳಿದದ್ದು ತಾನಾಗಿ ಬರುತ್ತದೆ.

3. ಕಾಲ ಮೇಲೆ ನಿಂತಿರುವವನೇ ಡಿಫೆಂಡರ್

ಜಾರಿ ಬಿದ್ದು ಮಾಡುವ ಟ್ಯಾಕಲ್‌ಗೆ ಗ್ಯಾಲರಿಯಿಂದ ಚಪ್ಪಾಳೆ ಸಿಗುತ್ತದೆ. ಕೋಚ್ ಆಗಿ ನಾನು ನೋಡುವುದು ಅದಕ್ಕಿಂತ ಐದು ಸೆಕೆಂಡ್ ಹಿಂದಿನದನ್ನು. ಬೀಳುವ ಪರಿಸ್ಥಿತಿ ಬಂದದ್ದೇಕೆ? ಬಹುತೇಕ ಸಲ ಜಾಗ ತಪ್ಪಿರುತ್ತದೆ, ಇಲ್ಲವೇ ದೂರದ ಅಂದಾಜು ತಪ್ಪಿರುತ್ತದೆ. ಬಿದ್ದವನು ಏಳುವಷ್ಟರಲ್ಲಿ ಆಟ ಮುಂದೆ ಹೋಗಿರುತ್ತದೆ. ಅಷ್ಟು ಹೊತ್ತು ನಮ್ಮ ತಂಡದಲ್ಲಿ ಒಬ್ಬ ಕಡಿಮೆ.

ನಿಯಮವನ್ನೂ ಕಲಿಸಬೇಕು. ಸ್ಪಷ್ಟ ಗೋಲಿನ ಅವಕಾಶವನ್ನು ಫೌಲ್ ಮಾಡಿ ತಪ್ಪಿಸಿದರೆ ರೆಡ್ ಕಾರ್ಡ್. 2016ರಲ್ಲಿ ಇದಕ್ಕೊಂದು ಸಡಿಲಿಕೆ ಬಂತು: ಪೆನಾಲ್ಟಿ ಪ್ರದೇಶದೊಳಗೆ ನಿಜವಾಗಿಯೂ ಚೆಂಡಿಗೇ ಪ್ರಯತ್ನಿಸಿ ಫೌಲ್ ಆದರೆ ಪೆನಾಲ್ಟಿಯ ಜೊತೆ ಯೆಲ್ಲೋ ಕಾರ್ಡ್. ಎಳೆದರೆ, ತಳ್ಳಿದರೆ, ಅಂಗಿ ಹಿಡಿದರೆ ರೆಡ್ ಕಾರ್ಡೇ. ಈ ವ್ಯತ್ಯಾಸ ತಿಳಿಯದ ಡಿಫೆಂಡರ್ ಉಳಿದ ಹತ್ತು ಜನಕ್ಕೆ ಹೊರೆಯಾಗುತ್ತಾನೆ. ನಾನು ಪೆನಾಲ್ಟಿ ಪ್ರದೇಶದ ಅಭ್ಯಾಸದಲ್ಲಿ ಡಿಫೆಂಡರ್‌ಗಳ ಎರಡೂ ಕೈಗೆ ಟೆನಿಸ್ ಚೆಂಡು ಕೊಟ್ಟು ಹಿಡಿಸುತ್ತೇನೆ. ಅಂಗಿ ಎಳೆಯಲು ಬೆರಳು ಖಾಲಿ ಇಲ್ಲದಾಗ ಕಾಲು ಸರಿಯಾದ ಜಾಗಕ್ಕೆ ಹೋಗಲು ಕಲಿಯುತ್ತದೆ.

4. ನಾಲ್ವರು ಒಂದೇ ಸಾಲು

1925ಕ್ಕೆ ಮೊದಲು ಆಫ್‌ಸೈಡ್ ಆಗದಿರಲು ಆಟಗಾರನ ಮುಂದೆ ಎದುರಾಳಿ ತಂಡದ ಮೂವರು ಇರಬೇಕಿತ್ತು. ಆ ವರ್ಷ ಅದು ಇಬ್ಬರಿಗೆ ಇಳಿಯಿತು, ಗೋಲುಗಳು ಹೆಚ್ಚಿದವು. ಅದಕ್ಕೆ ಉತ್ತರವಾಗಿ ತಂಡಗಳು ಸೆಂಟರ್ ಹಾಫ್ ಅನ್ನು ಹಿಂದಕ್ಕೆ ಕರೆದು ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿದವು. ನಾನು ಆಡಿದ ಸ್ಟಾಪರ್ ಜಾಗ ಹುಟ್ಟಿದ್ದೇ ಹಾಗೆ. 1990ರಿಂದ ಸಮಕ್ಕಿರುವ ಫಾರ್ವರ್ಡ್ ಕೂಡ ಆನ್‌ಸೈಡ್. ಅಂದರೆ ನಾಲ್ವರಲ್ಲಿ ಒಬ್ಬ ಒಂದು ಹೆಜ್ಜೆ ಹಿಂದುಳಿದರೂ ಉಳಿದ ಮೂವರ ಶ್ರಮ ವ್ಯರ್ಥ.

ಇದನ್ನು ಬೋರ್ಡ್ ಮೇಲೆ ಬರೆದು ತೋರಿಸಿದರೆ ತಲೆಗೆ ಹೋಗುತ್ತದೆ, ಕಾಲಿಗೆ ಇಳಿಯುವುದಿಲ್ಲ. ನಾನು ನಾಲ್ವರ ಸೊಂಟಕ್ಕೂ ಉದ್ದನೆಯ ಮೆತ್ತಗಿನ ಹಗ್ಗ ಕಟ್ಟಿ, ನಡುವೆ ಸುಮಾರು ಎಂಟರಿಂದ ಹತ್ತು ಮೀಟರ್ ಬಿಟ್ಟು, ಚೆಂಡಿಲ್ಲದೆ ನಡೆಸುತ್ತೇನೆ. ನಾನು ಬಲಕ್ಕೆ ಕೈ ತೋರಿಸಿದರೆ ನಾಲ್ವರೂ ಬಲಕ್ಕೆ, ಮುಂದಕ್ಕೆ ತೋರಿಸಿದರೆ ಮುಂದಕ್ಕೆ. ಒಬ್ಬ ತಡವಾದರೆ ಹಗ್ಗ ಎಳೆದು ತಿಳಿಸುತ್ತದೆ. ನಿಧಾನ ನಡಿಗೆಯಲ್ಲಷ್ಟೇ ಹಗ್ಗ. ಓಟ ಶುರುವಾಗುವ ಮೊದಲು ಬಿಚ್ಚಬೇಕು. ಆಮೇಲೆ ಚೆಂಡು, ಕೊನೆಗೆ ಎದುರಾಳಿಗಳು.

ಲೈನ್ ಯಾವಾಗ ಮೇಲೆ ಬರಬೇಕು, ಯಾವಾಗ ಇಳಿಯಬೇಕು ಎಂಬುದಕ್ಕೆ ನಾನು ಕೊಡುವ ಸೂತ್ರ ಒಂದೇ: ಚೆಂಡಿರುವವನ ತಲೆ ನೋಡಿ. ಅವನು ಒತ್ತಡದಲ್ಲಿ ತಲೆ ತಗ್ಗಿಸಿದ್ದರೆ ಅಥವಾ ಹಿಂದಕ್ಕೆ ಪಾಸ್ ಮಾಡಿದರೆ ಮೇಲೆ ಬನ್ನಿ. ಅವನ ಮೇಲೆ ಒತ್ತಡವಿಲ್ಲದೆ ತಲೆ ಎತ್ತಿದ್ದರೆ ಇಳಿಯಿರಿ, ಉದ್ದನೆಯ ಪಾಸ್ ಬರಲಿದೆ. ಹನ್ನೆರಡು ವರ್ಷದ ಮಕ್ಕಳಿಗೂ ಇದು ಅರ್ಥವಾಗುತ್ತದೆ.

5. ಬೀಸಿ ಒದೆಯುವ ಕಾಲ ಮುಗಿಯಿತು

ಹಳೆಯ ಮಣ್ಣಿನ ಮೈದಾನಗಳಲ್ಲಿ ಚೆಂಡು ಯಾವ ಕಡೆ ಪುಟಿಯುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಹಿಂದೆ ಚೆಂಡು ಇಟ್ಟುಕೊಳ್ಳುವುದು ಅಪಾಯ, ಬೀಸಿ ಒದೆಯುವುದೇ ಕ್ಷೇಮ. ಆ ಮೈದಾನಗಳಿಗೆ ಆ ಆಟ ಸರಿಯಾಗಿತ್ತು.

ಎರಡು ನಿಯಮಗಳು ಡಿಫೆಂಡರ್‌ನ ಕೆಲಸವನ್ನು ಬುಡದಿಂದ ಬದಲಿಸಿವೆ. 1992ರಿಂದ ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. 2019ರಿಂದ ಗೋಲ್ ಕಿಕ್ ಅನ್ನು ಪೆನಾಲ್ಟಿ ಪ್ರದೇಶದ ಒಳಗೇ ನಮ್ಮವನು ಪಡೆಯಬಹುದು, ಚೆಂಡು ಹೊರಗೆ ಹೋಗುವವರೆಗೆ ಕಾಯಬೇಕಿಲ್ಲ. ಹೀಗಾಗಿ ಇಂದಿನ ಸ್ಟಾಪರ್ ತಂಡದ ಮೊದಲ ಪಾಸ್‌ಗಾರ. ಎದುರಾಳಿ ಓಡಿ ಬರುತ್ತಿರುವಾಗ ಎರಡೂ ಕಾಲಿನಲ್ಲಿ ಚೆಂಡು ಹತೋಟಿಗೆ ತಂದು ಮುಂದಕ್ಕೆ ಕೊಡಬಲ್ಲವನು ಬೇಕು.

ಮಕ್ಕಳ ಪಂದ್ಯಗಳಲ್ಲಿ ಗೆರೆಯಾಚೆಯಿಂದ ‘ಹೊಡಿ, ಹೊರಗೆ ಹೊಡಿ’ ಎಂದು ದೊಡ್ಡವರು ಕೂಗುತ್ತಾರೆ. ಪ್ರೀತಿಯಿಂದಲೇ ಕೂಗುವುದು, ಆದರೆ ಮಗುವಿನ ಕಾಲು ಅಲ್ಲಿಗೇ ನಿಂತುಹೋಗುತ್ತದೆ. ಸೀಸನ್ನಿನ ಆರಂಭದಲ್ಲೇ ತಂದೆತಾಯಿಯರನ್ನು ಕೂರಿಸಿ ಹೇಳುತ್ತೇನೆ: ಈ ವರ್ಷ ನಾವು ಹಿಂದಿನಿಂದ ಪಾಸ್ ಮಾಡಿ ಆಡುತ್ತೇವೆ, ಅದರಿಂದ ಕೆಲವು ಗೋಲು ಬಿಡುತ್ತೇವೆ, ಅದು ಕಲಿಕೆಯ ಖರ್ಚು. ಮೊದಲೇ ತಿಳಿಸಿದರೆ ಬಹುಪಾಲು ಪೋಷಕರು ಕೈಜೋಡಿಸುತ್ತಾರೆ.

ಹಾಗೆಂದು ಹೊಡೆಯುವುದನ್ನೇ ನಿಷೇಧಿಸಬಾರದು. ದಾರಿ ಮುಚ್ಚಿದಾಗ, ಕೊನೆಯ ನಿಮಿಷಗಳಲ್ಲಿ, ಕೆಸರಿನಲ್ಲಿ, ಚೆಂಡನ್ನು ಎತ್ತರಕ್ಕೆ, ದೂರಕ್ಕೆ, ಗೆರೆಯ ಕಡೆಗೆ ಹೊಡೆಯುವುದೂ ಒಂದು ಕೌಶಲವೇ. ಯಾವಾಗ ಯಾವುದು ಎಂಬ ತೀರ್ಮಾನ ಆಟಗಾರನದಾಗಿರಬೇಕು.

6. ತಲೆಯನ್ನು ಕಾಪಾಡಿ

ಭಾರತದ ಡಿಫೆಂಡರ್‌ಗಳ ಮಾತು ಬಂದರೆ ಜರ್ನೈಲ್ ಸಿಂಗ್ ಹೆಸರು ಬರಲೇಬೇಕು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಕೋಚ್ ಸೈಯದ್ ಅಬ್ದುಲ್ ರಹೀಂ ಅವರನ್ನು ಡಿಫೆನ್ಸ್‌ನಿಂದ ತೆಗೆದು ಫಾರ್ವರ್ಡ್ ಸಾಲಿಗೆ ಹಾಕಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಅವರು ಗೋಲು ಹೊಡೆದರು, ಭಾರತ 2–1ರಿಂದ ಚಿನ್ನ ಗೆದ್ದಿತು. ಅವರ ಧೈರ್ಯಕ್ಕೆ ನನ್ನ ನಮಸ್ಕಾರ ಸದಾ ಇದೆ. ಆದರೆ ಆ ಕಥೆಯನ್ನು ನನ್ನ ಹುಡುಗರಿಗೆ ಹೇಳುವಾಗ ಒಂದು ಮಾತು ಸೇರಿಸುತ್ತೇನೆ: ಇಂದು ನಿಮ್ಮ ತಲೆಗೆ ಪೆಟ್ಟಾದರೆ ನಾನು ನಿಮ್ಮನ್ನು ಆಡಿಸುವುದಿಲ್ಲ.

ಮೆದುಳಿನ ಪೆಟ್ಟಿನ ಬಗ್ಗೆ ಈಗ ನಮಗೆ ಗೊತ್ತಿರುವಷ್ಟು ಅಂದು ಗೊತ್ತಿರಲಿಲ್ಲ. ತಲೆ ಸುತ್ತುವುದು, ವಾಂತಿ, ಮಬ್ಬು ನೋಟ, ‘ಸ್ಕೋರ್ ಎಷ್ಟು’ ಎಂದರೆ ತಡಬಡಾಯಿಸುವುದು, ಇವುಗಳಲ್ಲಿ ಒಂದು ಕಂಡರೂ ಆಟಗಾರ ಹೊರಗೆ. ಅನುಮಾನವಿದ್ದರೂ ಹೊರಗೆ. ವೈದ್ಯರು ಒಪ್ಪಿದ ಮೇಲಷ್ಟೇ ಮತ್ತೆ ಒಳಗೆ. ಇದರಲ್ಲಿ ಫೈನಲ್ ಪಂದ್ಯ, ಮುಖ್ಯ ಆಟಗಾರ ಎಂಬ ವಿನಾಯಿತಿ ಇಲ್ಲ.

ಹೆಡ್ಡಿಂಗ್ ಕಲಿಸುವುದರಲ್ಲೂ ಅವಸರ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯರಿಗೆ ಹೆಡ್ಡಿಂಗ್ ನಿಲ್ಲಿಸಿತು. ಇಂಗ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಅಭ್ಯಾಸದಿಂದ ಅದನ್ನು ಕೈಬಿಟ್ಟಿತು. ನಾನು ಚಿಕ್ಕವರಿಗೆ ಹೆಡ್ಡಿಂಗ್ ಕಲಿಸುವುದೇ ಇಲ್ಲ. ಆಮೇಲೆ ಬಲೂನು, ಹಗುರ ಸ್ಪಂಜಿನ ಚೆಂಡು, ನಂತರ ಕೈಯಿಂದ ಎಸೆದ ಚೆಂಡು. ಕಣ್ಣು ತೆರೆದಿರಬೇಕು, ಹಣೆಯಿಂದ ಹೊಡೆಯಬೇಕು, ಕತ್ತು ಬಿಗಿಯಾಗಿರಬೇಕು, ನೆಗೆತದ ಹೊತ್ತು ಸರಿಯಾಗಿರಬೇಕು. 410ರಿಂದ 450 ಗ್ರಾಂ ತೂಗುವ ಐದನೇ ಸೈಜಿನ ಚೆಂಡು ಎತ್ತರದಿಂದ ಬೀಳುವಾಗ ಎಷ್ಟು ಭಾರ ಎಂದು ಅದನ್ನು ತಲೆಯಲ್ಲಿ ತಡೆದವರಿಗೆ ಗೊತ್ತು.

ವಯಸ್ಸಿಗೆ ಬಂದ ಆಟಗಾರರಿಗೆ ಈ ಕಲೆ ಬೇಕೇ ಬೇಕು. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಐಎಸ್‌ಎಲ್ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಗಿ, ಗೋಲಿಲ್ಲದೆ ಮುಗಿಯುವಂತಿತ್ತು. ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಗೋವಾ ವಿರುದ್ಧ ಬೆಂಗಳೂರು ಎಫ್‌ಸಿಯನ್ನು ಗೆಲ್ಲಿಸಿದವರು ರಾಹುಲ್ ಭೆಕೆ, ಒಬ್ಬ ಡಿಫೆಂಡರ್.

7. ಗೋಲು ಬಿಟ್ಟ ಮೇಲೇ ಕೋಚ್ ಬೇಕಾಗುವುದು

ಫಾರ್ವರ್ಡ್ ಐದು ಅವಕಾಶ ಕಳೆದುಕೊಂಡು ಆರನೆಯದರಲ್ಲಿ ಗೋಲು ಹೊಡೆದರೆ ಜನ ಹೆಗಲ ಮೇಲೆ ಹೊರುತ್ತಾರೆ. ಡಿಫೆಂಡರ್ ಎಂಬತ್ತೊಂಬತ್ತು ನಿಮಿಷ ಸರಿಯಾಗಿ ಆಡಿ ಕೊನೆಯಲ್ಲಿ ಎಡವಿದರೆ ಅದೊಂದೇ ನೆನಪಿನಲ್ಲಿ ಉಳಿಯುತ್ತದೆ. ಈ ಅಸಮತೆಯನ್ನು ಒಳಗಿನಿಂದ ಬಲ್ಲ ಕೋಚ್ ತನ್ನ ಡಿಫೆಂಡರ್‌ಗಳಿಗೆ ದೊಡ್ಡ ಆಸರೆ.

2023ರ ಸ್ಯಾಫ್ ಚಾಂಪಿಯನ್‌ಷಿಪ್ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಗುಂಪಿನ ಪಂದ್ಯದಲ್ಲಿ ಕುವೈತ್ ವಿರುದ್ಧ ಭಾರತ 1–0ರಿಂದ ಗೆಲ್ಲುವ ಹಂತದಲ್ಲಿದ್ದಾಗ, ಹೆಚ್ಚುವರಿ ನಿಮಿಷಗಳಲ್ಲಿ ಸ್ಟಾಪರ್ ಅನ್ವರ್ ಅಲಿಯ ಕಾಲಿಗೆ ತಗುಲಿದ ಚೆಂಡು ನಮ್ಮದೇ ಗೋಲಿಗೆ ಹೋಯಿತು. ಪಂದ್ಯ ಸಮವಾಯಿತು. ಮುಖ್ಯ ಕೋಚ್ ಇಗೋರ್ ಸ್ಟಿಮಾಚ್ ಆ ಪಂದ್ಯದಲ್ಲಿ ರೆಡ್ ಕಾರ್ಡ್ ಪಡೆದು ಅಮಾನತಾದದ್ದರಿಂದ ಸೆಮಿಫೈನಲ್ ಮತ್ತು ಫೈನಲ್‌ಗೆ ಬೆಂಚಿನ ಹೊಣೆ ಹೊತ್ತವರು ಸಹಾಯಕ ಕೋಚ್ ಮಹೇಶ್ ಗವಳಿ, ಭಾರತಕ್ಕೆ ವರ್ಷಗಟ್ಟಲೆ ಡಿಫೆಂಡರ್ ಆಗಿ ಆಡಿದವರು. ಅನ್ವರ್ ಮತ್ತೆ ಕಣಕ್ಕಿಳಿದ. ಜುಲೈ 4ರ ಫೈನಲ್‌ನಲ್ಲಿ ಅದೇ ಕುವೈತ್ ಎದುರಾಯಿತು, 1–1ರ ನಂತರ ಪೆನಾಲ್ಟಿಯಲ್ಲಿ ಭಾರತ 5–4ರಿಂದ ಗೆದ್ದಿತು.

ನನಗೆ ಇದರಲ್ಲಿ ಕಾಣುವ ಪಾಠ ಸ್ಪಷ್ಟ. ನಂಬಿಕೆಯನ್ನು ಮಾತಿನಲ್ಲಿ ಹೇಳಿದರೆ ಸಾಲದು, ಮುಂದಿನ ಪಂದ್ಯದ ಹನ್ನೊಂದರ ಪಟ್ಟಿಯಲ್ಲಿ ಹೆಸರು ಬರೆದು ತೋರಿಸಬೇಕು. ಪಂದ್ಯ ಮುಗಿದ ತಕ್ಷಣ ತಪ್ಪಿನ ವಿಶ್ಲೇಷಣೆ ಮಾಡಬೇಡಿ. ಆ ಹೊತ್ತಿನಲ್ಲಿ ಕಿವಿ ಕೇಳುವುದಿಲ್ಲ. ಮರುದಿನ ಅಥವಾ ಅದರ ಮರುದಿನ, ಒಬ್ಬನನ್ನೇ ಕೂರಿಸಿಕೊಂಡು, ವಿಡಿಯೊ ಇದ್ದರೆ ಗೋಲಿಗಿಂತ ಮೂವತ್ತು ಸೆಕೆಂಡ್ ಹಿಂದಿನಿಂದ ತೋರಿಸಿ. ಗೋಲಿನ ಸರಪಳಿ ಮಿಡ್‌ಫೀಲ್ಡ್‌ನಲ್ಲೋ ಫಾರ್ವರ್ಡ್ ಸಾಲಿನಲ್ಲೋ ಶುರುವಾಗಿರುವುದು ಅವನಿಗೇ ಕಾಣುತ್ತದೆ. ತನ್ನ ಪಾಲು ಎಷ್ಟು ಎಂದು ಅಳೆಯಲು ಬಂದವನು ಅದನ್ನು ತಿದ್ದಿಕೊಳ್ಳುತ್ತಾನೆ. ಎಲ್ಲವೂ ತನ್ನದೇ ಎಂದು ಹೊತ್ತವನು ಮುಂದಿನ ಪಂದ್ಯಕ್ಕೆ ಹೆದರುತ್ತಾ ಬರುತ್ತಾನೆ.

8. ತಡೆಯುವ ಚಟ ಬಿಡಿ

ಡಿಫೆಂಡರ್ ಆಗಿದ್ದವನಿಗೆ ಕೋಚ್ ಕೆಲಸದ ಅತಿ ಕಠಿಣ ಭಾಗ ಇದೇ. ತಪ್ಪು ಪಾಸ್ ಹೊರಡುವ ಮೊದಲೇ ನಮಗೆ ಕಾಣುತ್ತದೆ. ಕಂಡ ಕೂಡಲೆ ಬಾಯಿ ತೆರೆಯುತ್ತದೆ, ಕೈ ಎತ್ತುತ್ತದೆ, ಸೀಟಿ ಊದುತ್ತದೆ. ಅಭ್ಯಾಸದ ಹೊತ್ತೆಲ್ಲ ಆಟ ನಿಂತು ನಿಂತು ಸಾಗುತ್ತದೆ. ಹುಡುಗರು ನಮ್ಮ ಮುಖ ನೋಡಿ ಆಡಲು ಕಲಿಯುತ್ತಾರೆ, ಮೈದಾನ ನೋಡಿ ಆಡುವುದಿಲ್ಲ.

ನಾನು ಪಾಲಿಸುವ ಕ್ರಮ ಹೀಗಿದೆ. ಒಂದೇ ತಪ್ಪು ಮತ್ತೆ ಮತ್ತೆ ಕಂಡಾಗ ಮಾತ್ರ ಆಟ ನಿಲ್ಲಿಸುತ್ತೇನೆ. ನಿಲ್ಲಿಸಿದಾಗ ಉತ್ತರ ಕೊಡುವುದಿಲ್ಲ, ಕೇಳುತ್ತೇನೆ: ‘ಈಗ ನಿನಗೆ ಯಾರು ಕಾಣುತ್ತಿದ್ದಾರೆ? ಎಲ್ಲಿ ಜಾಗ ಇದೆ? ನೀನು ಇನ್ನೆಲ್ಲಿ ನಿಲ್ಲಬಹುದಿತ್ತು?’ ಅರ್ಧ ನಿಮಿಷ, ಅಷ್ಟೇ. ಮತ್ತೆ ಅದೇ ಸ್ಥಿತಿಯಿಂದ ಆಟ ಮುಂದುವರಿಯುತ್ತದೆ. ತಪ್ಪನ್ನು ನಾಲ್ಕೈದು ಸಲ ಆಗಲು ಬಿಟ್ಟರೆ ಐದನೆಯ ಸಲ ಹುಡುಗನೇ ಅದನ್ನು ಹಿಡಿಯುತ್ತಾನೆ. ಹಾಗೆ ಹಿಡಿದದ್ದು ಅವನ ಸ್ವಂತದ್ದು, ಪಂದ್ಯದಲ್ಲಿ ಅದೇ ಉಪಯೋಗಕ್ಕೆ ಬರುತ್ತದೆ.

ಮಕ್ಕಳಿಗೆ ಐದು-ಐದು ಜನರ ಚಿಕ್ಕ ಮೈದಾನದ ಆಟ ಹೆಚ್ಚು ಆಡಿಸಿ. ಹನ್ನೊಂದು ಜನರ ಪಂದ್ಯದಲ್ಲಿ ಚಿಕ್ಕ ಹುಡುಗನಿಗೆ ಚೆಂಡು ಮುಟ್ಟುವ ಅವಕಾಶವೇ ಕಡಿಮೆ. ಚಿಕ್ಕ ಆಟದಲ್ಲಿ ಪ್ರತಿ ಮಗುವೂ ಮತ್ತೆ ಮತ್ತೆ ತಡೆಯಬೇಕು, ಮತ್ತೆ ಮತ್ತೆ ದಾಟಬೇಕು. ನಾವು ಹೇಳದೆ ಬಿಟ್ಟದ್ದನ್ನು ಆಟವೇ ಕಲಿಸುತ್ತದೆ.

9. ‘ನಿಧಾನದವನು ಹಿಂದೆ’ ಎಂಬುದನ್ನು ಅಳಿಸಿ ಹಾಕಿ

ಶಾಲೆಯ ಮೈದಾನಗಳಲ್ಲಿ ಇಂದಿಗೂ ನಡೆಯುವ ವಿಂಗಡಣೆ ಗೊತ್ತೇ ಇದೆ. ಚುರುಕಾದವರು ಫಾರ್ವರ್ಡ್, ದಪ್ಪಗಿರುವವನು ಬ್ಯಾಕ್, ಯಾರಿಗೂ ಬೇಡವಾದವನು ಗೋಲ್‌ಕೀಪರ್. ಹೀಗೆ ಹಿಂದಕ್ಕೆ ತಳ್ಳಿಸಿಕೊಂಡ ಮಗು ಡಿಫೆನ್ಸ್ ಎಂದರೆ ಶಿಕ್ಷೆ ಎಂದುಕೊಳ್ಳುತ್ತದೆ.

ಹನ್ನೆರಡು ವರ್ಷದವರೆಗೆ ನನ್ನ ಮಕ್ಕಳಿಗೆ ಖಾಯಂ ಜಾಗ ಇಲ್ಲ. ಹುಡುಗ, ಹುಡುಗಿ ಎಲ್ಲರೂ ಎಲ್ಲ ಜಾಗದಲ್ಲೂ ಆಡುತ್ತಾರೆ. ಫಾರ್ವರ್ಡ್ ಆಗಿ ಆಡಿದವಳಿಗೆ ಡಿಫೆಂಡರ್‌ನನ್ನು ಹೇಗೆ ಏಮಾರಿಸುತ್ತಾರೆಂದು ಗೊತ್ತಿರುತ್ತದೆ, ಅವಳು ಹಿಂದೆ ನಿಂತಾಗ ಏಮಾರುವುದು ಕಡಿಮೆ. ಆಮೇಲೆ ಡಿಫೆಂಡರ್‌ಗಳನ್ನು ಆರಿಸುವಾಗ ನಾನು ಎತ್ತರಕ್ಕಿಂತ ಮೊದಲು ನೋಡುವುದು ಬೇರೆ ಗುಣಗಳನ್ನು. ಚೆಂಡು ಕಳೆದುಕೊಂಡ ಕ್ಷಣ ಯಾರು ತಿರುಗಿ ಓಡುತ್ತಾರೆ? ಗೆಳೆಯ ಜಾಗ ಬಿಟ್ಟಾಗ ಹೇಳಿಸಿಕೊಳ್ಳದೆ ಅದನ್ನು ತುಂಬುವವರು ಯಾರು? ಸೋಲುತ್ತಿರುವಾಗಲೂ ಯಾರ ಬಾಯಿಂದ ಕರೆ ನಿಲ್ಲುವುದಿಲ್ಲ? ಈ ಗುಣಗಳಿದ್ದರೆ ಉಳಿದದ್ದನ್ನು ಕಲಿಸಬಹುದು.

ದೇಹವನ್ನೂ ಅದಕ್ಕೆ ತಕ್ಕಂತೆ ಬೆಳೆಸಬೇಕು. ಡಿಫೆಂಡರ್ ಹಿಂದಕ್ಕೆ ಓಡುತ್ತಾನೆ, ಥಟ್ಟನೆ ತಿರುಗುತ್ತಾನೆ, ನಿಂತಲ್ಲಿಂದ ನೆಗೆಯುತ್ತಾನೆ. ಮಂಡಿ ಮತ್ತು ತೊಡೆಯ ಹಿಂಭಾಗದ ಸ್ನಾಯು ಮೊದಲು ಬಲಿಯಾಗುತ್ತವೆ. ಫಿಫಾ ರೂಪಿಸಿದ ‘11 ಪ್ಲಸ್’ ವಾರ್ಮ್ ಅಪ್‌ಗೆ ಸುಮಾರು ಇಪ್ಪತ್ತು ನಿಮಿಷ ಸಾಕು, ಯಾವ ಉಪಕರಣವೂ ಬೇಡ. ಕ್ರಮವಾಗಿ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಕಡಿಮೆಯಾಗಿರುವುದನ್ನು ಅಧ್ಯಯನಗಳು ತೋರಿಸಿವೆ. ಮೈದಾನಕ್ಕೆ ಎರಡು ಸುತ್ತು ಓಡಿಸಿ ಚೆಂಡು ಬಿಡುವ ಪದ್ಧತಿಯನ್ನು ಇನ್ನಾದರೂ ಕೈಬಿಡೋಣ.

10. ಆಡುತ್ತಿರುವಾಗಲೇ ಕಲಿಸಲು ಶುರು ಮಾಡಿ

ನಮ್ಮ ಕಾಲದಲ್ಲಿ ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ಸಂಸ್ಥೆಗಳ ತಂಡಗಳು ಬೆಂಗಳೂರು ಫುಟ್‌ಬಾಲ್‌ನ ಬೆನ್ನೆಲುಬಾಗಿದ್ದವು. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕರೆ ಆಟ ಮುಗಿದ ಮೇಲೂ ಸಂಬಳ, ಪಿಂಚಣಿ ಇರುತ್ತಿತ್ತು. ಈಗಿನ ಹುಡುಗರು ಕ್ಲಬ್‌ಗಳ ಜೊತೆ ಒಂದೆರಡು ವರ್ಷದ ಕರಾರಿನಲ್ಲಿ ಆಡುತ್ತಾರೆ. ಮಂಡಿಗೆ ಒಂದು ದೊಡ್ಡ ಪೆಟ್ಟು ಬಿದ್ದರೆ ಕರಾರು ಮುಗಿಯುತ್ತದೆ. ಆದ್ದರಿಂದ ಕೋಚಿಂಗ್ ಅನ್ನು ನಿವೃತ್ತಿಯ ನಂತರದ ಯೋಚನೆ ಎಂದು ಮುಂದೂಡಬೇಡಿ.

ದಾರಿ ಸ್ಪಷ್ಟವಾಗಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಡಿ ಲೈಸೆನ್ಸ್‌ನಿಂದ ಶುರು, ನಂತರ ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಸಿ, ಬಿ, ಎ, ಕೊನೆಗೆ ಪ್ರೊ. ಇಪ್ಪತ್ತೈದು ದಾಟಿದ ಆಟಗಾರ ಆಡುತ್ತಲೇ ಡಿ ಮಾಡಿಕೊಂಡು, ವಾರಕ್ಕೊಂದು ದಿನ ಬಡಾವಣೆಯ ಮಕ್ಕಳಿಗೆ ಕಲಿಸಿದರೆ ಅವನ ಸ್ವಂತ ಆಟವೂ ಸುಧಾರಿಸುತ್ತದೆ. ಓರೆಯಾಗಿ ನಿಲ್ಲು ಎಂದು ಹತ್ತು ಮಕ್ಕಳಿಗೆ ಹೇಳಿದವನು ಭಾನುವಾರದ ಪಂದ್ಯದಲ್ಲಿ ತಾನೂ ಓರೆಯಾಗಿ ನಿಲ್ಲುತ್ತಾನೆ.

ಈ ದಾರಿಯಲ್ಲಿ ನಡೆದ ಹಿರಿಯರಿದ್ದಾರೆ. ಹೈದರಾಬಾದಿನ ಸೈಯದ್ ನಯೀಮುದ್ದೀನ್ ಡಿಫೆಂಡರ್. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ನಾಯಕ. ಮುಂದೆ ಭಾರತ ತಂಡದ ಕೋಚ್ ಆದರು, 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದರು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ಕೋಚ್ ಆಗಿ ಬಂದ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡ್‌ನಲ್ಲಿ ಸ್ಟಾಪರ್ ಆಗಿ ಆಡಿದ್ದವರು. ಮೊದಲ ಸೀಸನ್ನಿನಲ್ಲೇ ತಂಡ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೊಮ್ಮೆ ಗೆದ್ದಿತು. ಎದುರಾಳಿ ಹೇಗೆ ಬರುತ್ತಾನೆ ಎಂದು ಮೊದಲೇ ಓದಿ ಅದಕ್ಕೆ ತಯಾರಿ ಮಾಡುವುದು ಡಿಫೆಂಡರ್‌ನ ರಕ್ತದಲ್ಲಿರುತ್ತದೆ. ವಾರಗಟ್ಟಲೆ ತಂಡ ಕಟ್ಟುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಬಂಡವಾಳ ಇಲ್ಲ.

ಲೈಸೆನ್ಸ್ ಕೊಡದ ಕೆಲವು ಹೊಣೆಗಳೂ ಇವೆ. ಪ್ರಥಮ ಚಿಕಿತ್ಸೆ ಕಲಿತಿರಿ, ಪೆಟ್ಟಿಗೆ ಸದಾ ಜೊತೆಗಿರಲಿ. ಮಿಂಚು ಕಂಡರೆ ಅಭ್ಯಾಸ ನಿಲ್ಲಿಸಿ, ಮಕ್ಕಳನ್ನು ಕಟ್ಟಡದೊಳಕ್ಕೆ ಕರೆದೊಯ್ಯಿರಿ. ಬೇಸಿಗೆಯಲ್ಲಿ ನೀರಿನ ವಿರಾಮ ಕೊಡಿ. ಮಗುವಿನ ದೇಹದ ಬಗ್ಗೆ, ಬಣ್ಣದ ಬಗ್ಗೆ, ಮನೆಯ ಬಗ್ಗೆ ಆಡಿಕೊಳ್ಳುವುದನ್ನು ಯಾರಿಂದಲೂ ಸಹಿಸಬೇಡಿ. ಬೂಟು ಕೊಳ್ಳಲಾಗದ ಹುಡುಗನಿಗೆ ಯಾರಿಗೂ ಕಾಣದಂತೆ ಬೂಟು ಕೊಡಿಸುವ ವ್ಯವಸ್ಥೆ ನಿಮ್ಮಲ್ಲಿರಲಿ.

ನನ್ನ ತಂಡ ಸಿದ್ಧವಾಗಿದೆ ಎಂದು ನಾನು ತಿಳಿಯುವುದು ಒಂದೇ ಗುರುತಿನಿಂದ. ಎದುರಾಳಿ ಕಾರ್ನರ್ ತೆಗೆದುಕೊಳ್ಳುವಾಗ ನಮ್ಮ ಹಿಂದಿನ ಸಾಲಿನವರು ನನ್ನ ಕಡೆ ತಿರುಗದೆ, ತಮ್ಮತಮ್ಮಲ್ಲೇ ಹೆಸರು ಕರೆದು, ಜಾಗ ಹಂಚಿಕೊಂಡು ನಿಂತರೆ ಅಷ್ಟರ ಮಟ್ಟಿಗೆ ನನ್ನ ಕೆಲಸ ಆಗಿದೆ. ಈ ಕೆಲಸಕ್ಕೆ ಇನ್ನೂ ಬಹಳ ಜನ ಬೇಕು. ಕರ್ನಾಟಕದ ಜಿಲ್ಲೆಗಳಲ್ಲಿ ಚೆಂಡು ಒದೆಯುವ ಮಕ್ಕಳಿಗೆ ಕೊರತೆಯಿಲ್ಲ, ಸರಿಯಾಗಿ ನಿಲ್ಲಲು ಕಲಿಸುವವರಿಗೆ ಕೊರತೆ ಇದೆ. ನೀವು ಹಿಂದಿನ ಸಾಲಿನಲ್ಲಿ ಆಡಿದವರಾದರೆ, ಕಾಲಿನಲ್ಲಿ ಇನ್ನೂ ಒಂದಿಷ್ಟು ಓಟ ಉಳಿದಿರುವಾಗಲೇ ಹತ್ತಿರದ ಮಕ್ಕಳ ತಂಡಕ್ಕೆ ಹೋಗಿ, ಇಬ್ಬರು ಬ್ಯಾಕ್‌ಗಳನ್ನು ನನಗೆ ಒಪ್ಪಿಸಿ ಎಂದು ಕೇಳಿ. ಅಲ್ಲಿಂದ ಶುರು ಮಾಡಿ.